ಥಂಡಿ ಗಾಡಿ, ಒಂದು ಚಿಟಿಕೆ ಭಂಡಾರ

ರೈಲಿನಲ್ಲಿ ಟೀಸಿಯಾಗಿ ಆಯುಷ್ಯ ಕಳೆದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಹುಡುಕಿಕೊಂಡು ಬಂದು ಡಬ್ಬಿ ಹತ್ತುತ್ತವೆ, ಕೆಲವು ರಿಜರ್ವೇಶನ್ ಮಾಡಿಸಿಕೊಂಡು, ಕೆಲವು ಹಾಗೇ. ನಾನು ನಿವೃತ್ತನಾಗಿ ಎರಡು ವರ್ಷವಾಯಿತು. ನಾಲಿಗೆ ಮಾತ್ರ ಇನ್ನೂ ಡ್ಯೂಟಿಯ ಮೇಲೆಯೇ ಇದೆ ಅಂತ ಮನೆಯವಳು ಅನ್ನುತ್ತಾಳೆ. ಇರಲಿ.

ಬೇಸಿಗೆ ಸೂಟಿ ಬಂತೆಂದರೆ ಮುಂಬೈಯಿಂದ ನೀಲಗಿರಿಯ ಬುಡದವರೆಗೆ ಒಂದು ವಿಶೇಷ ಗಾಡಿ ಓಡುತ್ತದೆ. ಮಳೆ ಬಿತ್ತೆಂದರೆ ಬಂದ್. ಕಾಗದದ ಮೇಲೆ ಅದಕ್ಕೊಂದು ಉದ್ದನೆಯ ನಂಬರು ಇದೆ, ನಮ್ಮ ಸೊಲ್ಲಾಪುರದ ಮಂದಿ ಇಟ್ಟ ಹೆಸರು ಮಾತ್ರ ಥಂಡಿ ಗಾಡಿ. ಮುಂಜಾನೆ ಹನ್ನೊಂದಕ್ಕೆ ಸೊಲ್ಲಾಪುರ, ಆಮೇಲೆ ಅಕ್ಕಲಕೋಟ ರೋಡ್, ಮಧ್ಯಾಹ್ನ ವಾಡಿ, ಮರುದಿನ ಬೆಳಗ್ಗೆ ಗುಡ್ಡದ ಬುಡ. ನನ್ನ ಬೀಟು ಸೊಲ್ಲಾಪುರದಿಂದ ವಾಡಿತನಕ. ಅಲ್ಲಿ ಮುಂದಿನ ಟೀಸಿಯ ಕೈಗೆ ಪಟ್ಟಿ ಕೊಟ್ಟು, ಬೇರೆ ಗಾಡಿ ಹಿಡಿದು ಸಂಜೆಗೆ ಮನೆ. ಹೀಗಾಗಿ ಸಾವಿರಾರು ಜನರನ್ನು ಗುಡ್ಡಕ್ಕೆ ಕಳಿಸಿಕೊಟ್ಟ ನಾನು ಸ್ವತಃ ಏರಿದ ಅತಿ ಎತ್ತರದ ಜಾಗ ಅಂದರೆ ವಾಡಿ ಸ್ಟೇಶನ್ನಿನ ಮೇಲ್ಸೇತುವೆ.

೧. ಸ್ವೆಟರು

ಮೇ ತಿಂಗಳಲ್ಲಿ ಸೊಲ್ಲಾಪುರದ ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂತವರು ಕೂತಷ್ಟೇ ಬೇಗ ಎದ್ದು ನಿಲ್ಲುತ್ತಾರೆ. ಅಂಥ ಬಿಸಿಲಿನಲ್ಲಿ ಕಂದಲಗಾಂವದ ಒಂದು ಮನೆತನ, ಗಂಡ, ಹೆಂಡತಿ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಎಲ್ಲರೂ ಸ್ವೆಟರು ತೊಟ್ಟು, ಕಿವಿಗೆ ಮಫ್ಲರ್ ಬಿಗಿದು, ಫೋಟೋಕ್ಕೆ ನಿಂತವರಂತೆ ನಿಂತಿದ್ದರು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು.

"ಅಲ್ರಿ, ಗುಡ್ಡ ಬರೂದು ನಾಳೆ ಮುಂಜಾನಿ. ಈಗ್ಯಾಕ ಹಾಕ್ಕೊಂಡೀರಿ?" ಅಂದೆ.

"ಪಿಶವಿಯಾಗ ಜಾಗಾ ಇಲ್ರೀ ಸಾಹೇಬ್ರ," ಅಂದ ಗಂಡ, ಚೀಲಗಳನ್ನು ತೋರಿಸಿ.

"ನಾಕು ಪಿಶವಿ ಅದಾವಲ್ಲೋ. ಏನ ತುಂಬೀರಿ?"

ಅತ್ತೆ ಮುಂದೆ ಬಂದಳು. "ಕಡಕ ರೊಟ್ಟಿ, ಶೇಂಗಾ ಚಟ್ನಿ. ಅಲ್ಲಿ ಮಂದಿ ಮೂರೂ ಹೊತ್ತು ಅನ್ನಾನ ಉಣ್ತಾರಂತ. ಐದು ದಿನ ಬದುಕಿ ಬರಬ್ಯಾಡೇನ್ರಿ?"

ನಾನು ಕಾಲೇಜು ಓದಿದವನು. ಉಪಾಯ ಹೇಳಿದೆ. "ಒಂದು ಪಿಶವಿ ರೊಟ್ಟಿ ಗಾಡ್ಯಾಗ ತಿಂದು ಖಾಲಿ ಮಾಡ್ರಿ. ಆ ಜಾಗಾದಾಗ ಸ್ವೆಟರ್ ಇಡ್ರಿ."

ಅತ್ತೆಗೆ ಒಪ್ಪಿಗೆಯಾಯಿತು. ಗಾಡಿ ಬಿಟ್ಟಿದ್ದೇ ತಡ, ಕರುಂ ಕುರುಂ ಶುರುವಾಯಿತು. ಅಕ್ಕಲಕೋಟ ದಾಟಿದರೂ ಆ ಸಪ್ಪಳ ನಿಲ್ಲಲಿಲ್ಲ. ವಾಡಿ ಬರುವಷ್ಟರಲ್ಲಿ ಪಿಶವಿ ಖಾಲಿ. ನನ್ನ ಬುದ್ಧಿಗೆ ನಾನೇ ಶಾಬಾಸ್ ಹೇಳಿಕೊಂಡು ಇಳಿಯುವ ಮುಂದೆ ನೋಡಿದರೆ, ಐದೂ ಮಂದಿ ಇನ್ನೂ ಸ್ವೆಟರಿನಲ್ಲೇ!

"ಮತ್ಯಾಕ ತೆಗೀಲಿಲ್ಲ?"

"ಹೊಟ್ಟಿ ಉಬ್ಬೈತ್ರಿ ಸಾಹೇಬ್ರ," ಅಂದಳು ಅತ್ತೆ ಏದುಸಿರು ಬಿಡುತ್ತ. "ಈಗ ಸ್ವೆಟರ್ ಮ್ಯಾಲ ಏರವಲ್ದು."

೨. ನಂದೇಶ್ವರದ ಅಜ್ಜ

ಇದು ನನ್ನ ಮದುವೆಯಾದ ಹೊಸತರಲ್ಲಿ ಆದದ್ದು. ನಂದೇಶ್ವರದ ಒಬ್ಬ ಕುರಿಗಾರ ಅಜ್ಜ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಸೊಂಟಕ್ಕೆ ಭಂಡಾರದ ಚೀಲ ಕಟ್ಟಿಕೊಂಡು ಕಿಡಕಿಯ ಬಳಿ ಕೂತಿದ್ದ. ಭಂಡಾರ ಅಂದರೆ ಕುರಿಗಾರರ ದೇವರಾದ ಬೀರೋಬಾನ, ಮೈಲಾರನ ಅರಿಷಿಣ ಪುಡಿ. ಅದನ್ನು ಕೈಯಲ್ಲಿ ಎತ್ತಿ ಆಡಿದ ಮಾತು ನಮ್ಮ ಕಡೆ ಕೋರ್ಟಿನಲ್ಲಿ ಹೇಳಿದ ಮಾತಿಗಿಂತ ಗಟ್ಟಿ.

"ತಿಕೀಟ ಎಲ್ಲೈತಿ ಅಜ್ಜಾ?"

"ತಗಸೀನೋ ಯಪ್ಪಾ."

ರುಮಾಲು ಬಿಚ್ಚಿದ, ಕಂಬಳಿ ಝಾಡಿಸಿದ, ಅಂಗಿಯ ಒಳಗಿಸೆ ಹೊರಗೆ ಎಳೆದ. ಇಲ್ಲ. ಕಡೆಗೆ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ನನ್ನ ಮುಂದೆ ಹಿಡಿದ. "ಭಂಡಾರ ಎತ್ತಿ ಹೇಳ್ತೀನಿ, ತಿಕೀಟ ತಗಸೀನಿ!"

ನಮ್ಮ ನಿಯಮದ ಪುಸ್ತಕದಲ್ಲಿ ಭಂಡಾರದ ಬಗ್ಗೆ ಒಂದು ಸಾಲೂ ಇಲ್ಲ. ಆದರೆ ನನ್ನ ಮಾವನ ಮನೆಯೂ ಅದೇ ದೇವರ ಒಕ್ಕಲು. ನಾನು ಯೋಚಿಸುವ ಮೊದಲೇ ನನ್ನ ಕೈ ನಮಸ್ಕಾರ ಮಾಡಿಬಿಟ್ಟಿತು. "ಆತು ಕುಂದ್ರಪಾ," ಅಂದೆ.

ಅಜ್ಜನಿಗೆ ಎಷ್ಟು ಖುಷಿಯಾಯಿತೆಂದರೆ, ನನ್ನ ಹಣೆಗೆ ಹಚ್ಚಲಿಕ್ಕೆ ಮುಷ್ಟಿ ತುಂಬ ಭಂಡಾರ ಎತ್ತಿದ. ಅದರ ಸಂಗಡ ತಿಕೀಟೂ ಎದ್ದು ಬಂತು, ಹಳದಿಯಾಗಿ! ಅಷ್ಟರಲ್ಲಿ ಕಿಡಕಿಯಿಂದ ಗಾಳಿ ಬೀಸಿ ಮುಷ್ಟಿಯಲ್ಲಿದ್ದದ್ದೆಲ್ಲ ನನ್ನ ಮುಖ, ಮೀಸೆ, ಕರಿ ಕೋಟಿನ ಮೇಲೆ. ಆ ದಿನ ವಾಡಿತನಕ ಒಬ್ಬನೂ ನನ್ನ ಸಂಗಡ ವಾದ ಮಾಡಲಿಲ್ಲ. ಇಬ್ಬರು ಕಾಲಿಗೂ ಬಿದ್ದರು.

"ಅಲ್ಲೋ ಅಜ್ಜಾ, ಈ ವಯಸ್ಸಿನಾಗ ಗುಡ್ಡಕ್ಕ ಯಾಕ ಹೊಂಟಿ?"

"ಬ್ಯಾಸಗಿಯಾಗೂ ಅಲ್ಲಿ ಹುಲ್ಲು ಹಸರ ಇರ್ತೈತಂತ. ನಾ ನಂಬಂಗಿಲ್ಲ. ಕಣ್ಣಾರೆ ನೋಡಿ ಬಂದು ನಮ್ಮ ಕುರಿಗೋಳಿಗೆ ಹೇಳಬೇಕು."

ವಾರದ ಮೇಲೆ ವಾಡಿಯಿಂದ ತಿರುಗಿ ಬರುವಾಗ ಅದೇ ಅಜ್ಜ ಸಿಕ್ಕ.

"ಹಸರ ಇತ್ತೇನು?"

"ಮೊಣಕಾಲ ಮಟ ಐತೋ ಯಪ್ಪಾ!"

"ಹಂಗಾರ ಕುರಿಗೋಳಿಗೆ ಹೇಳು ಮತ್ತ."

ಅಜ್ಜ ಅಕ್ಕಲಕೋಟ ಬರುವತನಕ ವಿಚಾರ ಮಾಡಿದ. ಆಮೇಲೆ ತಲೆ ಅಲ್ಲಾಡಿಸಿದ. "ಹೇಳಂಗಿಲ್ಲ ಬಿಡು. ಪಾಪ, ಇದ್ದ ಹುಲ್ಲೂ ಸೇರಂಗಿಲ್ಲ ಆಮ್ಯಾಲ ಅವಕ್ಕ."

೩. ಆಣೆ

ಭಂಡಾರ ಬಿದ್ದ ದಿನ ಹಳದಿ ಕೋಟಿನಲ್ಲಿ ಮನೆಗೆ ಬಂದೆನಲ್ಲ, ಬಾಗಿಲು ತೆಗೆದ ಹೆಂಡತಿ ಹೌಹಾರಿದಳು. "ಇದೇನ್ರಿ! ಯಾರ ಲಗ್ನ ಮಾಡಿ ಬಂದ್ರಿ?"

ಅವಳು ಮಂದ್ರೂಪದವಳು. ಕಬ್ಬಿನ ಹೊಲಗಳ ನಡುವೆ ಬೆಳೆದವಳು. ನಾನು ಅಜ್ಜನ ಕತೆಯನ್ನೆಲ್ಲ ಅಭಿನಯ ಮಾಡಿ ಹೇಳಿದೆ. ಅವಳು ನಗಲಿಲ್ಲ.

"ಕುರಿ ಕಾಯೋ ಮುದುಕ ಗುಡ್ಡ ನೋಡಾಕ ಹೋದ. ಆ ಗಾಡಿ ಟೀಸಿ ಹೇಂತಿ ನಾ. ನಾ ಯಾವಾಗ ನೋಡೂದು?"

ನಾನು ಲೆಕ್ಕ ಒಪ್ಪಿಸಿದೆ. ಗಾಡಿ ಓಡುವುದು ಬೇಸಿಗೆಯಲ್ಲಿ. ಬೇಸಿಗೆಯ ಗರ್ದಿಯಲ್ಲಿ ಟೀಸಿಗೆ ರಜೆ ಇಲ್ಲ. ಮಳೆಗಾಲದಲ್ಲಿ ರಜೆ ಸಿಗುತ್ತದೆ, ಆಗ ಗಾಡಿ ಇರುವುದಿಲ್ಲ. "ಅಂದರ ನನ್ನ ನೌಕರಿ ಮುಗಿದ ಮ್ಯಾಲ," ಅಂದೆ. "ಇಲ್ಲಾ, ಮಳಿಗಾಲದಾಗ ಬ್ಯಾರೆ ಗಾಡಿಗೆ ಹೋಗೂಣು."

"ಬ್ಯಾರೆ ಗಾಡಿ ಯಾಕ್ರಿ? ನಿಮ್ಮ ಗಾಡ್ಯಾಗ ಹೋಗಬೇಕು. ನಾ ತಡೀತೀನಿ." ಹಾಗೆಂದವಳೇ ನನ್ನ ಕೋಟಿನ ಹೆಗಲ ಮೇಲಿನ ಭಂಡಾರವನ್ನು ಒರೆಸಿ ತೆಗೆದು ನನ್ನ ಅಂಗೈಗೆ ಹಾಕಿದಳು. "ಆದರ ನೀವು ಎತ್ತ್ರಿ. ನನಗಿಂತ ಮೊದಲ ಆ ಗುಡ್ಡ ನೋಡಂಗಿಲ್ಲ ಅನ್ರಿ."

"ಬರೇ ಅದೊಂದ ಗುಡ್ಡಾನೋ, ಎಲ್ಲಾ ಗುಡ್ಡಾನೋ?" ತತ್ವಶಾಸ್ತ್ರದಲ್ಲಿ ಬಿ.ಎ. ಮಾಡಿದವನ ಪ್ರಶ್ನೆ.

"ಬಾಕಿ ಗುಡ್ಡ ನೋಡ್ಕೋರಿ. ಸೊಲ್ಲಾಪುರದಾಗ ಎಲ್ಲಿ ಸಿಗತಾವ ಹುಡುಕ್ರಿ."

ಎತ್ತಿದೆ. ಉಳಿದ ಭಂಡಾರವನ್ನು ಅವಳು ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿದಳು. "ಗುಡ್ಡ ನೋಡೂ ದಿನ ಇದನ್ನ ನಿಮ್ಮ ಹಣಿಗೆ ಹಚ್ಚಿ ಆಣಿ ಬಿಡಸ್ತೀನಿ," ಅಂದು ದೇವರ ಮಾಡದಲ್ಲಿ ಇಟ್ಟಳು. ವರ್ಷಗಟ್ಟಲೆ ಆ ಗಂಟು ಅಲ್ಲೇ ಕೂತು ನನ್ನನ್ನು ನೋಡುತ್ತಿತ್ತು. ದೇವರಿಗಾದರೂ ಆಗಾಗ ಕಣ್ಣು ತಪ್ಪಿಸಬಹುದು, ಆ ಗಂಟಿಗೆ ಸಾಧ್ಯವಿರಲಿಲ್ಲ.

೪. ಅಕ್ಕಲಕೋಟದ ತಂಪು

ಮುಂಬೈಯ ಒಬ್ಬ ದೊಡ್ಡ ಹೊಟ್ಟೆಯ ಸದ್ಗೃಹಸ್ಥರು. ಸೊಲ್ಲಾಪುರದಲ್ಲಿ ನಾನು ತಿಕೀಟು ಕೇಳಿದಾಗ ಕೈ ಹಿಡಿದು ಹೇಳಿದರು, "ಸಾಹೇಬ, ಡಾಕ್ಟರು ನನಗೆ ತಂಪು ಊರಲ್ಲಿ ಎಂಟು ದಿನ ಆರಾಮ ಹೇಳಿದ್ದಾರೆ. ರಾತ್ರಿ ನಿದ್ದೆಯಿಲ್ಲ. ಈಗ ಮಲಗುತ್ತೇನೆ. ಯಾರೂ ಎಬ್ಬಿಸಬೇಡಿ. ಕೊನೆಯ ಸ್ಟೇಶನ್ ಬಂದಾಗ ಎಲ್ಲರೂ ಇಳೀತಾರಲ್ಲ, ಆ ಗದ್ದಲಕ್ಕೆ ನನಗೇ ಎಚ್ಚರಾಗುತ್ತದೆ."

ಲೆಕ್ಕ ಸರಿಯಾಗಿತ್ತು. ಆದರೆ ಅವರ ಡಬ್ಬಿ ತುಂಬ ಇದ್ದವರು ಅಕ್ಕಲಕೋಟದ ಮಠಕ್ಕೆ ಹೊರಟ ಭಜನಾ ಮಂಡಳಿಯವರು. ಅಕ್ಕಲಕೋಟ ರೋಡ್ ಬಂತು, ತಾಳ ಮೃದಂಗ ಸಮೇತ ಡಬ್ಬಿಗೆ ಡಬ್ಬಿಯೇ ಇಳಿಯಿತು. ಈ ಮಹಾಶಯರು ಧಡಕ್ಕನೆ ಎದ್ದು, ಮಂಕಿ ಟೋಪಿ ಏರಿಸಿ, ಕೈಗವಸು ತೊಟ್ಟು, ಅವರ ಹಿಂದೆಯೇ ಇಳಿದರು. ನಾನು ಪಕ್ಕದ ಡಬ್ಬಿಯಲ್ಲಿದ್ದೆ. ಗಾಡಿ ಹೊರಟ ಮೇಲೆ ಕಿಡಕಿಯಿಂದ ಕಂಡಿತು: ಸುಡು ಬಿಸಿಲಲ್ಲಿ ಕೈಗವಸಿನ ಕೈಯನ್ನು ಹಣೆಗೆ ಅಡ್ಡ ಹಿಡಿದು ಗುಡ್ಡ ಹುಡುಕುತ್ತ ನಿಂತಿದ್ದಾರೆ.

ನನಗೆ ಎಂಟು ದಿನ ಊಟ ರುಚಿಸಲಿಲ್ಲ. ಒಂಬತ್ತನೆಯ ದಿನ ವಾಡಿಯಿಂದ ಮರಳುವಾಗ ಅಕ್ಕಲಕೋಟ ರೋಡಿನಲ್ಲಿ ಅವರೇ ಹತ್ತಿದರು. ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ನನ್ನನ್ನು ತಬ್ಬಿಕೊಂಡರು. ಭಜನೆಯವರ ಸಂಗಡ ಜೀಪು ಹತ್ತಿದರಂತೆ. ಪ್ರಸಾದದ ಊಟ, ಆಲದ ನೆರಳು, ಎಂಟು ದಿನ ಕೂಸಿನಂಥ ನಿದ್ದೆ.

"ಮತ್ತೆ ಡಾಕ್ಟರಿಗೆ ಏನು ಹೇಳ್ತೀರಿ?"

"ಗುಡ್ಡಕ್ಕೆ ಹೋಗಿದ್ದೆ ಅಂತ!"

ಮರುವರ್ಷ ಅವರು ಡಾಕ್ಟರನ್ನೂ ಕರೆದುಕೊಂಡು ಬಂದರು. ಇಬ್ಬರ ಹತ್ತಿರವೂ ಅಕ್ಕಲಕೋಟ ರೋಡಿನ ತಿಕೀಟು. ಇಬ್ಬರ ತಲೆಯ ಮೇಲೂ ಮಂಕಿ ಟೋಪಿ. ಮನೆಯಲ್ಲಿ ಹೇಳಿದರೆ ಹೆಂಡತಿ ನಿಟ್ಟುಸಿರು ಬಿಟ್ಟಳು. "ಹೋಗ್ಲಿ ಬಿಡ್ರಿ. ಗುಡ್ಡ ನೋಡದವರು ನಾವಿಬ್ಬರ ಅಲ್ಲ."

೫. ಕಣ್ಣು ಮುಚ್ಚಿದ ಟೀಸಿ

ಎಷ್ಟೋ ಬೇಸಿಗೆ ಹೀಗೇ ಹೋದವು. ನನ್ನ ಆಣೆಗೆ ಕಷ್ಟವೇನಿರಲಿಲ್ಲ, ಯಾಕೆಂದರೆ ನನ್ನ ಹಾದಿ ವಾಡಿಗೆ ಮುಗಿಯುತ್ತಿತ್ತು. ಒಂದು ವರ್ಷ ವಾಡಿಯಲ್ಲಿ ಮುಂದಿನ ಟೀಸಿ ಬರಲಿಲ್ಲ. ಮಗಳ ಬಾಣಂತನಕ್ಕೆ ಓಡಿದ್ದನಂತೆ. ನೀವೇ ಕೊನೆತನಕ ಹೋಗಿ ಅಂತ ಹುಕುಂ ಬಂತು. ಮನೆಗೆ ಫೋನು ಹಚ್ಚಿದೆ.

"ಹೋಗಿ ಬರ್ರಿ, ಕೆಲಸ ಅಂದ್ರ ಕೆಲಸ," ಅಂದಳು. ಮತ್ತೆ, "ಗಂಟು ದೇವರ ಮಾಡದಾಗ ಐತಿ," ಅಂದು ಫೋನು ಇಟ್ಟಳು.

ಮರುದಿನ ಬೆಳಗ್ಗೆ ಯಾರೋ "ಅಗೋ ಗುಡ್ಡ!" ಅಂದರು. ನಾನು ಥಟ್ಟನೆ ಕಣ್ಣು ಮುಚ್ಚಿದೆ. ಆದರೆ ಡ್ಯೂಟಿ? ಇನ್ನೂ ಎರಡು ಡಬ್ಬಿ ಬಾಕಿ. ಕಂಬಿ ಹಿಡಿದು, ತಡಕಾಡುತ್ತ, "ತಿಕೀಟ್, ತಿಕೀಟ್" ಅನ್ನುತ್ತ ನಡೆದೆ. ಕೊಟ್ಟದ್ದನ್ನು ಬೆರಳಿನಿಂದ ಸವರಿ ತಿರುಗಿ ಕೊಡುತ್ತಿದ್ದೆ.

"ಪಾಪ, ಟೀಸಿ ಸಾಹೇಬರಿಗೆ ಕಣ್ಣಿಲ್ಲ," ಅಂತ ಒಬ್ಬ ಪಿಸುಗುಟ್ಟಿದ. "ಆದರೂ ನೋಡ್ರಿ, ಕೆಲಸ ತಪ್ಪಿಸಂಗಿಲ್ಲ."

ಒಬ್ಬ ಮುದುಕಿ ಕೈ ಹಿಡಿದು ಸಂಡಾಸದ ಬಾಗಿಲಿಗೆ ಒಯ್ದು ನಿಲ್ಲಿಸಿ, "ಹೋಗಿ ಬಾಪಾ, ನಾ ಇಲ್ಲೇ ನಿಂತಿರ್ತೀನಿ," ಅಂದಳು. ನನಗೆ ಅವಸರವಿರಲಿಲ್ಲ. ಅವಳ ಮನಸ್ಸು ನೋಯಿಸಬಾರದೆಂದು ಹೋಗಿ ಬಂದೆ.

ಒಬ್ಬ ಭೂಪ, ಕುರುಡ ಟೀಸಿಗೇನು ಗೊತ್ತಾಗುತ್ತದೆ ಅಂತ ಹಳೆಯ ಬಸ್ ತಿಕೀಟು ಕೊಟ್ಟ. ಸವರಿದೆ, ಕಾಗದ ತೆಳ್ಳಗಿತ್ತು. "ಇದು ಬಸ್ಸಿಂದಪಾ," ಅಂದೆ. ಧಪ್ಪೆಂದು ಸಪ್ಪಳ. ಪಾದದ ಮೇಲೆ ಬಿದ್ದಿದ್ದ. "ತಪ್ಪಾತ್ರಿ ಮಹಾರಾಜ!"

ಕೊನೆಯ ಸ್ಟೇಶನ್ನಿನಲ್ಲಿ ಮುಖದ ಮೇಲೆ ಟವೆಲು ಹಾಕಿ ಬೆಂಚಿನ ಮೇಲೆ ಮಲಗಿದವನು, ತಿರುಗಿ ಬರುವ ಗಾಡಿ ದೂರ ಬಂದ ಮೇಲೇ ತೆಗೆದದ್ದು.

"ನೋಡಿದ್ರೇನು?" ಬಾಗಿಲಲ್ಲೇ ಕೇಳಿದಳು.

"ಇಲ್ಲ."

"ಖರೇ?"

"ಖರೇ. ವಾಸನಿ ಮಾತ್ರ ಬಂತು. ಹಸಿ ಎಲಿ ವಾಸನಿ, ತಂಪಂದು. ಮೂಗು ಮುಚ್ಚಲಿಕ್ಕೆ ನೆನಪಾಗಲಿಲ್ಲ."

ಅವಳು ಗಂಭೀರವಾಗಿ ವಿಚಾರ ಮಾಡಿದಳು. "ಮೂಗಿನ ಸುದ್ದಿ ಆಣ್ಯಾಗ ಇದ್ದಿದ್ದಿಲ್ಲ. ಮಾಫ್." ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಬಿಸಿ ಶೇಂಗಾ ಹೋಳಿಗೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ!

೬. ಏಕ್, ದೋನ್, ತೀನ್

ಕಳೆದ ಬೇಸಿಗೆಯಲ್ಲಿ ಕಡೆಗೂ ಹೊರಟೆವು. ತಿಕೀಟು ಬರೆಯುವ ಹಳೆಯ ಗೆಳೆಯ, "ಯಾವ ಕಡಿ ಕಿಡಕಿ ಕೊಡ್ಲಿ?" ಅಂದ. ಆ ಹಾದಿಯಲ್ಲಿ ಹೋಗಿ ಬಂದ ಅನುಭವಿ ನಾನು. "ಎಡಗಡೆ," ಅಂದೆ ಗತ್ತಿನಿಂದ.

ಹೆಂಡತಿ ಇಳಕಲ್ ಸೀರೆ ಉಟ್ಟು, ಸೆರಗಿನ ತುದಿಗೆ ಆ ಭಂಡಾರದ ಗಂಟು ಕಟ್ಟಿಕೊಂಡಿದ್ದಳು. ಎದುರು ಸೀಟಿನಲ್ಲಿ ಸೊಲ್ಲಾಪುರದವರೇ ಒಬ್ಬ ನಿವೃತ್ತ ಮರಾಠಿ ಶಿಕ್ಷಕಿ, ನಮ್ಮ ಮಾತಿನಲ್ಲಿ ಸಾಲಿ ಬಾಯಿ. ಮರುದಿನ ಬೆಳಗ್ಗೆ ಹವೆ ತಂಪಾಗುತ್ತ ಬಂತು. ಯಾರೋ ಕೂಗಿದರು, "ಆಲಾ, ಡೋಂಗರ್ ಆಲಾ!" ಗುಡ್ಡ ಬಂತು ಅಂತ.

ನಾನು ರೂಢಿಯಂತೆ ಕಣ್ಣು ಮುಚ್ಚಿದೆ. "ಮೊದಲ ನೀ ನೋಡು. ನೋಡಿದೆ ಅಂದ ಮ್ಯಾಲ ನಾ ತೆಗೀತೀನಿ."

ಮೊಣಕೈಯಿಂದ ಅವಳನ್ನು ತಿವಿದೆ.

"ನೋಡಿದೇನು?"

"ಇಲ್ರಿ."

"ಯಾಕ?"

"ನಾನೂ ಕಣ್ಣ ಮುಚ್ಚೀನ್ರಿ."

"ನೀ ಯಾಕ?"

"ಅವತ್ತ ಅಲ್ಲಿ ತನಕ ಹೋಗಿ ಬರೇ ವಾಸನಿ ತಗೊಂಡು ಬಂದ್ರಲ್ಲ, ಆ ದಿನ ಒಳಗ ಹೋಗಿ ನಾನೂ ಭಂಡಾರ ಎತ್ತಿದೆ. ನಿಮಗಿಂತ ಮೊದಲ ನಾ ನೋಡಂಗಿಲ್ಲ ಅಂತ."

"ಹೇಳಬಾರದೇನ!"

"ಹೇಳಿದ್ರ ವಾದಾ ಹಾಕ್ತಿದ್ರಿ."

ನೋಡಿ ಫಜೀತಿ. ಅವಳಿಗಿಂತ ಮೊದಲು ನಾನು ನೋಡುವ ಹಾಗಿಲ್ಲ. ನನಗಿಂತ ಮೊದಲು ಅವಳು ನೋಡುವ ಹಾಗಿಲ್ಲ. ಇಬ್ಬರೂ ಕಿಡಕಿಗೆ ಮುಖ ಮಾಡಿ ಕಣ್ಣು ಬಿಗಿದು ಕೂತೆವು. ಗಾಡಿ ಮಾತ್ರ ನಿಲ್ಲಲಿಲ್ಲ.

"ಅಹೋ ಕಾಕಾ, ಕಾಯ್ ಝಾಲಂ?" ಏನಾಯಿತು ಅಂತ ಸಾಲಿ ಬಾಯಿ ಕೇಳಿದರು. ಹೇಳಿದೆ. ಅವರು ಸಾಲಿಯ ಧ್ವನಿಯಲ್ಲೇ ಆಜ್ಞೆ ಮಾಡಿದರು, "ಸೋಪ್ಪಂ ಆಹೇ, ಸರಳ ಐತಿ! ನಾ ಮೂರು ಎಣಸ್ತೀನಿ, ಇಬ್ಬರೂ ಕೂಡೇ ತೆಗೀರಿ. ಏಕ್... ದೋನ್... ತೀನ್!"

ನಾನು ಅವಳ ಕಡೆ ಕಿವಿಗೊಟ್ಟೆ.

"ತೆಗೆದೇನು?" ಅಂದೆ.

"ನೀವು ತೆಗೀಲಿ ಅಂತ ಒಂದೀಟು ತಡದೆ. ನೀವು?"

"ನಾನೂ ಅದಕ್ಕ ತಡದೆ."

ಮತ್ತೊಮ್ಮೆ ಏ‌ಕ್, ದೋನ್, ತೀನ್. ಮತ್ತೆ ಅದೇ. ಡಬ್ಬಿಯ ಮಂದಿ ನಮ್ಮ ಸುತ್ತ ನೆರೆದದ್ದು ಉಸಿರಿನಿಂದಲೇ ಗೊತ್ತಾಯಿತು. ಮೂರನೆಯ ಸಲ ಎಲ್ಲರೂ ಕೂಡಿ ಎಣಿಸಿದರು. ಎಣಿಕೆಗೆ ಹಾರ್ಮೋನಿಯಂ ಒಂದು ಕಡಿಮೆ.

"ತಿಕೀಟ್," ಅಂತು ಒಂದು ದನಿ. ಈಗ ಬೀಟು ಬದಲಾಗಿದೆ, ನಮ್ಮ ಸೊಲ್ಲಾಪುರದ ಟೀಸಿಗಳೇ ಕೊನೆತನಕ ಬರುತ್ತಾರೆ. ನಾನು ಕಣ್ಣು ತೆರೆಯದೆ ತಿಕೀಟು ಎತ್ತಿ ಹಿಡಿದೆ.

ಟೀಸಿ ನಕ್ಕ. "ಕಾಕಾ, ನಿಮ್ಮನ್ನ ನೋಡಿ ನೆನಪಾತು ನೋಡ್ರಿ. ಈ ಗಾಡ್ಯಾಗ ಹಿಂದ ಒಬ್ಬರು ಕುರುಡ ಟೀಸಿ ಇದ್ದರಂತ. ದೊಡ್ಡ ಸತ್ಪುರುಷರು. ಬರೇ ಬೆರಳಿಲೆ ಮುಟ್ಟಿ ಖೋಟಾ ತಿಕೀಟ ಹಿಡೀತಿದ್ದರಂತ!"

ನನ್ನ ಹೆಂಡತಿ ಕಿಸಕ್ಕನೆ ನಕ್ಕಳು. ತಡೆಯಲಾರದೆ ಬಿದ್ದು ಬಿದ್ದು ನಕ್ಕಳು. "ಅವರ ಇವರು! ಈ ಸತ್ಪುರುಷರ ಅಂಗಿ ನಾ ತೊಳೀತೀನಿ!" ನಗುತ್ತಲೇ ಅವಳಿಗೆ ಗಂಟಿನ ನೆನಪಾಯಿತು. "ತಡೀರಿ, ಮೊದಲ ಆಣಿ ಬಿಡಸ್ತೀನಿ." ಕಣ್ಣು ಮುಚ್ಚಿಕೊಂಡೇ ಗಂಟು ಬಿಚ್ಚಿ, ನನ್ನ ಹಣೆ ಹುಡುಕಲಿಕ್ಕೆ ಹತ್ತಿದಳು. ಮೂಗು ಸಿಕ್ಕಿತು. ಕಿವಿ ಸಿಕ್ಕಿತು. ಅಷ್ಟರಲ್ಲಿ ಕಿಡಕಿಯಿಂದ ಭರ್ರೆಂದು ಗಾಳಿ ಬಂತು, ಅಷ್ಟು ವರ್ಷದ ಭಂಡಾರ ಒಂದೇ ಸಲಕ್ಕೆ ಇಬ್ಬರ ಮುಖಕ್ಕೂ ಹಾರಿತು. ಇಬ್ಬರೂ ಸೀನಿದೆವು, ಕಣ್ಣು ಬಿಟ್ಟೆವು.

ನನಗೆ ಮೊದಲು ಕಂಡದ್ದು ಗುಡ್ಡ ಅಲ್ಲ, ಅವಳು. ಹಣೆ, ಕೆನ್ನೆ, ನೆರೆತ ಕೂದಲು, ಎಲ್ಲ ಹಳದಿ.

"ಅಯ್ಯ," ಅಂದಳು ನನ್ನನ್ನೇ ನೋಡುತ್ತ, "ಮಂದ್ರೂಪದಾಗ ಅರಿಷಿಣ ಹಚ್ಚಿದ ದಿನ ಹಿಂಗ ಇದ್ರಿ ನೋಡ್ರಿ. ಮೀಸಿ ಅಷ್ಟ ಕರ್ರಗಿತ್ತು."

ಡಬ್ಬಿಯೇ ಚಪ್ಪಾಳೆ ತಟ್ಟಿತು. ಆಮೇಲೆ ಇಬ್ಬರೂ ಕಿಡಕಿಯ ಹೊರಗೆ ನೋಡಿದೆವು. ಕಬ್ಬು. ಸಪಾಟು ನೆಲ, ಸಾಲು ಸಾಲು ಕಬ್ಬು.

"ಇದು ಮಂದ್ರೂಪ ಆತಲ್ರೀ!" ಅಂದಳು.

ಟೀಸಿ ಮೆಲ್ಲಗೆ ಕೆಮ್ಮಿದ. "ಕಾಕಾ, ಗುಡ್ಡ ಆ ಕಡಿ ಕಿಡಕ್ಯಾಗ ಐತ್ರಿ. ಬಲಗಡೆ."

ಕಣ್ಣು ಮುಚ್ಚಿ ಬಂದ ಅನುಭವಿಗೆ ಎಡ ಯಾವುದು, ಬಲ ಯಾವುದು? ಸಾಲಿ ಬಾಯಿ ಹಣೆ ಹೊಡೆದುಕೊಂಡರು. "ಅರೇ ದೇವಾ! ನಿಮ್ಮನ್ನ ನೋಡೂದರಾಗ ನಾನೂ ಗುಡ್ಡ ನೋಡಲಿಲ್ಲ!"

ಮಂದಿ ಸರಿದು ದಾರಿ ಬಿಟ್ಟರು. ತಿರುಗಿದೆವು. ಅಲ್ಲಿ ಅದು ನಿಂತಿತ್ತು, ಕಿಡಕಿಗಿಂತ ದೊಡ್ಡದು, ನೀಲಿ, ಹೆಗಲ ಮೇಲೊಂದು ಬಿಳಿ ಮೋಡ ಹಾಕಿಕೊಂಡು, ನಂದೇಶ್ವರದ ಅಜ್ಜ ಕಂಬಳಿ ಹಾಕಿಕೊಂಡಂತೆ. ಅವಳು ನನ್ನ ಕೈ ಹಿಡಿದಳು. ಮೂಗು ತುಂಬ ಉಸಿರು ಎಳೆದುಕೊಂಡು ಕೇಳಿದಳು, "ಇದಾ ಏನ್ರಿ ಆ ವಾಸನಿ?"

"ಇದಾ," ಅಂದೆ.

ಊರಿಗೆ ಬಂದ ಮೇಲೆ ಓಣಿಯವರೆಲ್ಲರದೂ ಒಂದೇ ಪ್ರಶ್ನೆ: ತಿರುಗಿದಾಗ ಮೊದಲು ನೋಡಿದವರು ಯಾರು? ನಾನು ಅವಳು ಅಂತೀನಿ. ಅವಳು ನಾನು ಅಂತಾಳೆ. ದಿನಾ ಚಹಾದ ಹೊತ್ತಿಗೆ ಈ ಜಗಳ ಇದ್ದದ್ದೇ. ಯಾರಾದರೂ, "ಹಂಗಾರ ಭಂಡಾರ ಎತ್ತಿ ಹೇಳ್ರಿ," ಅಂದರೆ ಮಾತ್ರ ಇಬ್ಬರೂ ಒಟ್ಟಿಗೇ ಬಾಯಿ ಮುಚ್ಚುತ್ತೇವೆ. ಅದಕ್ಕೆ ಯಾರೂ ಎಣಿಸಬೇಕಾಗಿಲ್ಲ.